'ನಂತರ' ಒತ್ತಿದವರು ಹೇಳಿದ್ದು 'ಬೇಡ' ಅಂತ

ಮೊಬೈಲ್ ಕಂಪನಿಯೊಂದರ ಸಹಾಯವಾಣಿಯಲ್ಲಿ ಕಾಲ್ ತೆಗೆದುಕೊಳ್ಳುವುದು ನನ್ನ ಕೆಲಸ. ಹೊಸ ಅಪ್‌ಡೇಟ್ ಬಿಟ್ಟ ವಾರ ನಮಗೆ ಉಸಿರಾಡೋಕೂ ಪುರುಸೊತ್ತಿರುವುದಿಲ್ಲ. ಮೊದಮೊದಲು ಯಾರೇ ರೇಗಿದರೂ ನನ್ನದು ಒಂದೇ ಉತ್ತರ: "ಅದು ನಿಮ್ಮ ಸುರಕ್ಷತೆಗೇ ಸರ್." ನಮಗೆ ಹೇಳಿಕೊಟ್ಟಿದ್ದೂ ಅದನ್ನೇ.

ಒಂದು ಬೆಳಗ್ಗೆ ಒಬ್ಬರು ಗಾಬರಿಯಿಂದ ಕಾಲ್ ಮಾಡಿದರು. "ಮೇಡಂ, ನನ್ನ ಕಾಂಟ್ಯಾಕ್ಟ್ ಎಲ್ಲಾ ಅಳಿಸಿಹೋಗಿದೆ. ಯಾರ ಕಾಲ್ ಬಂದರೂ ಬರೀ ನಂಬರ್ ಕಾಣ್ತಿದೆ." ವಿಚಾರಿಸಿದರೆ, ಎದ್ದಾಗಿನಿಂದ ಲಾಕ್ ತೆಗೆಯದೆ ಹಾಗೇ ಕಾಲ್ ಎತ್ತುತ್ತಿದ್ದರು. ಒಂದ್ಸಲ ಪಿನ್ ಹಾಕಿ ಅಂದೆ. ಹೆಸರೆಲ್ಲ ವಾಪಸ್ ಬಂತು. ಆಗಿದ್ದಿಷ್ಟೇ: ಫೋನ್ ಚಾರ್ಜ್‌ಗಿತ್ತು, ವೈಫೈ ಇತ್ತು, ಆಟೋ ಅಪ್‌ಡೇಟ್ ಆನ್ ಇತ್ತು, ರಾತ್ರಿ ತಾನೇ ಅಪ್‌ಡೇಟ್ ಮುಗಿಸಿ ರೀಸ್ಟಾರ್ಟ್ ಆಗಿದೆ. ರೀಸ್ಟಾರ್ಟ್ ಆದಮೇಲೆ ಮೊದಲ ಸಲ ಪಿನ್ ಹಾಕುವವರೆಗೂ ಒಳಗಿನ ಮಾಹಿತಿಗೆ ಬೀಗ ಬಿದ್ದಿರುತ್ತದೆ, ಕಾಂಟ್ಯಾಕ್ಟ್‌ಗೂ ಸೇರಿ.

ಸಮಾಧಾನ ಆದಮೇಲೆ ಸಿಟ್ಟು ಬಂತು. "ಅಪ್‌ಡೇಟ್ ಹಾಕಲಾ ಅಂತ ಫೋನ್ ಕೇಳಿದಾಗೆಲ್ಲ ದಿನಾ 'ನಂತರ' ಅಂತಲೇ ಒತ್ತಿದ್ದೆನಲ್ಲ, ಮತ್ತೆ ಯಾರನ್ನ ಕೇಳಿ ಹಾಕಿದ್ರಿ?"

ಸುರಕ್ಷತೆಯ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವರು ಕೇಳಿದ್ದು ಸರಿ ಅಲ್ವಾ? 'ಬೇಡ' ಅನ್ನುವ ಬಟನ್ ಇದ್ದಿದ್ದರೆ ಅದನ್ನೇ ಒತ್ತುತ್ತಿದ್ದರು. ಇರಲಿಲ್ಲ, ಅದಕ್ಕೇ 'ನಂತರ' ಒತ್ತಿದರು. ನಾವು ಅದನ್ನ ಒಪ್ಪಿಗೆ ಅಂದುಕೊಂಡೆವು.

ಅಪ್‌ಡೇಟ್ ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. 2015ರಲ್ಲಿ ಸ್ಟೇಜ್‌ಫ್ರೈಟ್ ಅನ್ನುವ ದೋಷ ಹೊರಬಂತು, ಒಂದು ಎಂಎಂಎಸ್ (ಫೋಟೋ, ವಿಡಿಯೋ ಹೊತ್ತ ಮೆಸೇಜ್) ಕಳಿಸಿಯೇ ಆಂಡ್ರಾಯ್ಡ್ ಫೋನಿನೊಳಗೆ ನುಗ್ಗಬಹುದಿತ್ತು. ಗೂಗಲ್ ತಿಂಗಳಿಗೊಮ್ಮೆ ಸೆಕ್ಯೂರಿಟಿ ಪ್ಯಾಚ್, ಅಂದರೆ ಇಂಥ ದೋಷ ಮುಚ್ಚುವ ರಿಪೇರಿ, ಕೊಡಲು ಶುರುಮಾಡಿದ್ದೇ ಆಮೇಲೆ. ಆದರೆ ಇಂಥ ರಿಪೇರಿಯ ಜೊತೆಗೇ ಬಟನ್‌ಗಳ ಜಾಗ, ಐಕಾನ್‌ಗಳ ರೂಪ ಎಲ್ಲಾ ಬದಲಿಸಿ ಒಂದೇ ಗಂಟು ಕಟ್ಟಿ ಕಳಿಸಿದರೆ ಜನ ಗಂಟನ್ನೇ ಬೇಡ ಅಂತಾರೆ. "ಹಳೇ ಫೋನ್ ಸ್ಲೋ ಮಾಡೋಕೇ ಇದನ್ನ ಕಳಿಸ್ತೀರಿ" ಅನ್ನುವವರನ್ನು ಕಂಡು ಮ್ಯೂಟ್ ಒತ್ತಿ ನಕ್ಕಿದ್ದೇನೆ. ಈಗ ನಗಲ್ಲ. ಬ್ಯಾಟರಿ ಸವೆದ ಐಫೋನ್‌ಗಳ ವೇಗವನ್ನು ಸಾಫ್ಟ್‌ವೇರ್‌ನಿಂದ ಇಳಿಸಿದ್ದು ನಿಜ ಅಂತ ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಫೋನ್ ಇದ್ದಕ್ಕಿದ್ದಂತೆ ಆಫ್ ಆಗದಿರಲಿ ಅಂತ ಮಾಡಿದ್ದಂತೆ, ಇರಬಹುದು, ಆದರೆ ಆ ಮಾತನ್ನ ಅಪ್‌ಡೇಟ್ ಕೊಟ್ಟ ದಿನವೇ ನೇರವಾಗಿ ಹೇಳಬಹುದಿತ್ತು.

ಈಗ ನಾನು ಮೊದಲು ಕೇಳುವುದು, "ಎದ್ದು ನೋಡಿದಾಗ ಏನು ಬದಲಾಗಿತ್ತು ಸರ್?" ಅಂತ. ಅವರು ಹೇಳಿ ಮುಗಿಸುವವರೆಗೆ ಸುಮ್ನೆ ಕೇಳುತ್ತೇನೆ. ಆಮೇಲೆ ಆಟೋ ಅಪ್‌ಡೇಟ್ ಎಲ್ಲಿ ಆಫ್ ಮಾಡುವುದು ಅಂತ ತೋರಿಸಿ, ತಿಂಗಳಿಗೊಮ್ಮೆ ಪುರುಸೊತ್ತಿದ್ದಾಗ ನೀವೇ ಹಾಕಿಕೊಳ್ಳಿ ಅನ್ನುತ್ತೇನೆ. ಕಾಲ್ ಎರಡು ನಿಮಿಷ ಜಾಸ್ತಿ ಆಗುತ್ತದೆ. ಟೀಮ್ ಲೀಡರ್ ಗೊಣಗುತ್ತಾರೆ, ಗೊಣಗಲಿ.