ಹಿತಕವರೆ ಮತ್ತು ಟ್ರ್ಯಾಂಪೊಲಿನ್

ಜನವರಿ ಕೊನೆಯ ಶನಿವಾರ. ಹಾಸನದ ವಿದ್ಯಾನಗರದ ನಮ್ಮ ಮನೆಯಲ್ಲಿ ಸಂಜೆ ಏಳೂವರೆ. ಅಮ್ಮ ನೆನೆಸಿದ ಅವರೆಕಾಳಿನ ಬೋಗುಣಿ ಮುಂದಿಟ್ಟುಕೊಂಡು ಹಿತುಕುತ್ತಾ ಕೂತಿದ್ದಳು. ನಾನು ಮೊಬೈಲನ್ನು ಟಿವಿಗೆ ಜೋಡಿಸುತ್ತಿದ್ದೆ. ನ್ಯೂಜೆರ್ಸಿಯಲ್ಲಿ ಆಗ ಬೆಳಿಗ್ಗೆ ಒಂಬತ್ತು. ಅಕ್ಕನ ಮಗಳು, ಹನ್ನೊಂದು ವರ್ಷದ ಮಿನು, ಅವತ್ತು ಸ್ಪರ್ಧೆಗೆ ಇಳಿಯುವವಳಿದ್ದಳು.

ನನಗೆ ಟ್ರ್ಯಾಂಪೊಲಿನ್ ಅಂದರೆ ಎಕ್ಸಿಬಿಷನ್‌ನಲ್ಲಿ ದುಡ್ಡು ಕೊಟ್ಟು ಮಕ್ಕಳನ್ನು ಕುಣಿಯೋಕೆ ಬಿಡುವ ಬಲೆ, ಅಷ್ಟೇ. 'ಜಿಗಿಯೋದಕ್ಕೂ ಕೋಚ್ ಬೇಕಾ?' ಅಂತ ಹಿಂದೆ ಒಮ್ಮೆ ಕೇಳಿ ಅಕ್ಕನ ಹತ್ತಿರ ಬೈಸಿಕೊಂಡಿದ್ದೆ. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಇದು ಪದಕದ ಆಟವಂತೆ.

ಅಕ್ಕ ಗ್ಯಾಲರಿಯಿಂದ ಫೋನಿನಲ್ಲಿದ್ದಳು. ಅಪ್ಪ ಅಮ್ಮಂದಿರು ಕೆಳಗೆ ಇಳಿಯುವಂತಿಲ್ಲ. ಫ್ಲಾಶ್ ಹಾಕಿ ಫೋಟೊ ತೆಗೆಯುವಂತಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಹೊರಟಿದ್ದಾರೆ. ಮಗಳ ಸರದಿ ಬಂದರೆ ಅರ್ಧ ನಿಮಿಷವೂ ಇಲ್ಲ, ಮುಗಿದು ಹೋಗುತ್ತದೆ.

"ಹಾಸನಾಂಬೆ ದರ್ಶನದ ಹಾಗಾಯ್ತಲ್ಲೇ" ಅಂದಳು ಅಮ್ಮ. ಗಂಟೆಗಟ್ಟಲೆ ಕ್ಯೂ ನಿಂತು, ಒಳಗೆ ಹೋದರೆ ಕಣ್ಣು ಮಿಟುಕಿಸುವುದರೊಳಗೆ 'ಮುಂದೆ ನಡೀರಿ'.

ಮಿನುಗೆ ಮೂರು ಆಟ. ಒಂದು ದೊಡ್ಡ ಟ್ರ್ಯಾಂಪೊಲಿನ್. ಇನ್ನೊಂದು ಡಬಲ್ ಮಿನಿ. ಓಡಿ ಬಂದು ಚಿಕ್ಕ ಟ್ರ್ಯಾಂಪೊಲಿನ್ ಹತ್ತಿ, ಅದರ ಮೇಲೊಂದು, ಇಳಿಯುವಾಗ ಇನ್ನೊಂದು ಕಸರತ್ತು ಮಾಡಿ ಮ್ಯಾಟಿನ ಮೇಲೆ ಅಲುಗಾಡದೆ ನಿಲ್ಲಬೇಕು. ಮೂರನೆಯದು ಟಂಬ್ಲಿಂಗ್. ಸ್ಪ್ರಿಂಗ್ ಇರುವ ಉದ್ದನೆಯ ಹಾದಿಯಲ್ಲಿ ಎಲ್ಲೂ ನಿಲ್ಲದೆ ಲಾಗ ಹಾಕಿಕೊಂಡು ಹೋಗೋದು. ಒಲಿಂಪಿಕ್ಸ್‌ನಲ್ಲಿರುವುದು ಮೊದಲನೆಯದು ಮಾತ್ರ. ಅಮೆರಿಕದಲ್ಲಿ ಮಕ್ಕಳಿಗೆ 1ರಿಂದ 10ರವರೆಗೆ ಲೆವೆಲ್ ಇವೆ. ಕೆಳಗಿನ ಲೆವೆಲ್‌ಗಳಲ್ಲಿ ಎಲ್ಲರಿಗೂ ಒಂದೇ ಪಾಠ. ಮೇಲೆ ಹೋದ ಮೇಲೆ ಅವರವರ ಕಸರತ್ತು ಅವರೇ ಜೋಡಿಸಿಕೊಳ್ಳಬಹುದು.

ಎಂಟೂ ಮುಕ್ಕಾಲಿಗೆ ಮಿನು ಕಾಣಿಸಿದಳು. ಅಮ್ಮನ ಕಣ್ಣು ನೇರ ಕಿವಿಗೆ ಹೋಯಿತು. "ಏನೇ ಇದು, ಓಲೆ ಎಲ್ಲಿ? ಕಿವಿ ಬೋಳು ಬೋಳು!" ಆಡುವಾಗ ಒಡವೆ ಹಾಕೋ ಹಾಗಿಲ್ಲ ಅಂತ ಅಕ್ಕ ಎರಡು ಸಲ ಹೇಳಬೇಕಾಯಿತು.

ಮಿನು ತೀರ್ಪುಗಾರರ ಕಡೆ ತಿರುಗಿ ಕೈ ಎತ್ತಿದಳು. ಕಾಲಿಗೆ ಬಿಳಿ ಸಾಕ್ಸ್. ಜಿಗಿಯುವ ಬಲೆ ಸುಮಾರು 14 ಅಡಿ ಉದ್ದ, 7 ಅಡಿ ಅಗಲ. ನಡುವೆ ಕೆಂಪು ಗುರುತು. ಸುತ್ತ ಸ್ಪ್ರಿಂಗ್ ಮುಚ್ಚಿರುವ ನೀಲಿ ಪ್ಯಾಡ್. ಮೊದಲು ಸುಮ್ನೆ ನೆಟ್ಟಗೆ ಜಿಗಿದು ಎತ್ತರ ತಂದುಕೊಂಡಳು. ಅದು ಲೆಕ್ಕಕ್ಕಿಲ್ಲ. ಆಮೇಲಿನ ಹತ್ತು ಲೆಕ್ಕಕ್ಕೆ. ನಡುವೆ ಒಂದು ಖಾಲಿ ಜಿಗಿತವೂ ಇರುವಂತಿಲ್ಲ.

ಒಂದು. ಅಮ್ಮನ ಬೆರಳಿನಿಂದ ಒಂದು ಕಾಳು ಪಿಚಕ್ ಅಂತ ಹಾರಿ ಬೋಗುಣಿಗೆ ಬಿತ್ತು. ಎರಡು, ಇನ್ನೊಂದು ಕಾಳು. ಎಣಿಸುತ್ತಿದ್ದಾಳೆ ಅಂತ ಆಗ ಗೊತ್ತಾಯಿತು.

ಮೂರನೆಯದರಲ್ಲಿ ಮೊಣಕಾಲು ಸ್ವಲ್ಪ ಅಗಲವಾಯಿತು. "ಹೋಯ್ತು ಮಾರ್ಕು" ಎಂದು ಅಕ್ಕ ಗೊಣಗಿದಳು. ಪಾದದ ಬೆರಳು ಚಾಚದಿದ್ದರೂ, ಕೈ ಪಕ್ಕಕ್ಕೆ ಸರಿದರೂ ಕಳೆಯುತ್ತಾರಂತೆ, ಒಂದೊಂದರಲ್ಲಿ ಅರ್ಧ ಮಾರ್ಕಿನವರೆಗೂ. ದೊಡ್ಡ ಸ್ಪರ್ಧೆಗಳಲ್ಲಿ ಇದರ ಜೊತೆಗೆ ಎಷ್ಟು ಹೊತ್ತು ಗಾಳಿಯಲ್ಲಿದ್ದೆ, ನಡುವಿನಿಂದ ಎಷ್ಟು ಸರಿದೆ ಅಂತ ಯಂತ್ರವೇ ಅಳೆಯುತ್ತದೆ. ಎತ್ತರಕ್ಕೆ ಹಾರೋದು ಕಷ್ಟ ಅಂದುಕೊಂಡಿದ್ದೆ. ಹಾರಿದ ಜಾಗಕ್ಕೇ ವಾಪಸ್ ಬರೋದು ಅದಕ್ಕಿಂತ ಕಷ್ಟ.

ಐದನೆಯದರಲ್ಲಿ ಕೆಂಪು ಗುರುತಿನಿಂದ ಸ್ವಲ್ಪ ಆಚೆ ಬಿದ್ದಳು. ಆರನೆಯದರಲ್ಲಿ ಇನ್ನೂ ಆಚೆ. ಕೋಚ್ ಕೈಯಲ್ಲಿ ಮ್ಯಾಟ್ ಹಿಡಿದು ಅಂಚಿಗೆ ಓಡಿದರು. ಏಳನೆಯದಕ್ಕೆ ಒಂದು ಕಾಲು ಬಲೆಯ ಮೇಲೆ, ಇನ್ನೊಂದು ನೀಲಿ ಪ್ಯಾಡ್ ಮೇಲೆ.

ಅಲ್ಲಿಗೆ ಮುಗಿಯಿತು. ಏಳನೆಯದು ಲೆಕ್ಕಕ್ಕಿಲ್ಲ, ಉಳಿದ ಮೂರು ಮಾಡುವಂತಿಲ್ಲ. ಆರಕ್ಕಷ್ಟೇ ಮಾರ್ಕು. ಅಮ್ಮನ ಕೈಯಲ್ಲಿ ಏಳನೆಯ ಕಾಳು ಸಿಪ್ಪೆ ಸಮೇತ ಹಾಗೇ ಇತ್ತು.

ನನಗೆ ರೇಗಿತು. ಇನ್ನೊಂದು ಅವಕಾಶ ಕೊಡಬಹುದಿತ್ತು, ಅಲ್ವಾ? ವರ್ಷಪೂರ್ತಿ ಬೆವರು ಹರಿಸಿದ ಮಗು. ಆದರೆ ಅಕ್ಕ ಆಗಲೇ ತಣ್ಣಗಾಗಿದ್ದಳು. "ಬೇಡ ಕಣೋ. ಹಂಗೆ ಬಿಟ್ರೆ ಮಕ್ಕಳು ಅಂಚಿಗೆ ಹೋದರೂ ಹಟಕ್ಕೆ ಬಿದ್ದು ಜಿಗೀತಾನೇ ಇರ್ತಾವೆ. ನಿಲ್ಲಿಸೋ ರೂಲ್ ಇರೋದಕ್ಕೇ ನಾನು ಇಲ್ಲಿ ಕೂತಿರೋಕೆ ಆಗೋದು." ಫೀಸು, ಪೆಟ್ರೋಲು, ಹೋಟೆಲ್ ರೂಮು ಅಂತ ಭಾವ ಲೆಕ್ಕ ಹಾಕುವುದನ್ನು ಕೇಳಿದ್ದೆ. ಅಕ್ಕನ ಈ ಲೆಕ್ಕ ಕೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮಿನುವೇ ಗ್ಯಾಲರಿಗೆ ಬಂದು ಫೋನ್ ಕಿತ್ತುಕೊಂಡಳು. ಕಣ್ಣು ಕೆಂಪಗಿತ್ತು.

"ಅಜ್ಜಿ, ನೋಡಿದ್ರಾ?"

"ನೋಡ್ದೆ ಕಣೇ. ಆರು ಚೆನ್ನಾಗಿತ್ತು. ಕಾಲು ಉಳುಕ್ತಾ?"

"ಇಲ್ಲ. ಟಂಬ್ಲಿಂಗ್ ಇನ್ನೂ ಇದೆ, ಆಮೇಲೆ ಮಾತಾಡ್ತೀನಿ" ಅಂದವಳೇ ಓಡಿದಳು.

ಅಮ್ಮ ಕೈಯಲ್ಲಿದ್ದ ಕಾಳನ್ನು ಹಿತುಕಿ ಬೋಗುಣಿಗೆ ಹಾಕಿದಳು. "ಸಾರು ಆಮೇಲೆ ಮಾಡಿದ್ರಾಯ್ತು. ನೀನು ಟಿವಿ ಆರಿಸಬೇಡ."