ನಾನು ತೋರಿಸಿದ್ದು ರ‍್ಯಾಂಕು, ಅವರು ಕೇಳಿದ್ದು ಲೀಟರ್ ತೂಕ

ತೀರ್ಥಹಳ್ಳಿ ಕಡೆಯ ಒಂದು ಕಾಳುಮೆಣಸು ಖರೀದಿ ಘಟಕದಲ್ಲಿ ನನಗೆ ಕೆಲಸ. ಮೆಣಸು ಕೊಳ್ಳುವುದು, ಜೊಳ್ಳು ತೆಗೆಸುವುದು, ತೇವ ನೋಡುವುದು, ಚೀಲ ಹೊಲಿಸುವುದು. ಹೊರದೇಶದ ಗಿರಾಕಿ ಸಿಕ್ಕರೆ ಅವರ ಜೊತೆ ಮಾತಾಡುವುದೂ ನಾನೇ. ಆಫೀಸಿನಲ್ಲಿ ಧೈರ್ಯವಾಗಿ ತಪ್ಪು ಇಂಗ್ಲಿಷ್ ಮಾತಾಡುವವನು ನಾನೊಬ್ಬನೇ, ಅದಕ್ಕೆ.

2023ರ ಮಳೆಗಾಲದಲ್ಲಿ ಜರ್ಮನಿಯ ಒಂದು ಮಸಾಲೆ ಕಂಪನಿಯವರು ವಿಡಿಯೊ ಕಾಲ್‌ಗೆ ಒಪ್ಪಿದರು. ಅವರು ಕೇಳುವ ಪ್ರಶ್ನೆ ಗೊತ್ತಿತ್ತು: ವಿಯೆಟ್ನಾಂ ಮೆಣಸಿಗಿಂತ ನಿಮ್ಮದರ ಬೆಲೆ ಯಾಕೆ ಇಷ್ಟು ಜಾಸ್ತಿ? ಎರಡು ರಾತ್ರಿ ಕೂತು ಸ್ಲೈಡು ಮಾಡಿದೆ. ಮೊದಲನೆಯದರಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿ, ಪೋರ್ಚುಗೀಸರೇ ಮೆಣಸಿನ ರಾಣಿ ಅಂತ ಕರೆದವಳು. ಆಮೇಲೆ ಬರೀ ರ‍್ಯಾಂಕುಗಳು. ವ್ಯಾಪಾರ ಮಾಡಲು ಎಲ್ಲಿ ಸುಲಭ ಎನ್ನುವ ವಿಶ್ವಬ್ಯಾಂಕ್ ಪಟ್ಟಿಯಲ್ಲಿ ಭಾರತ 142ರಿಂದ 63ಕ್ಕೆ ಬಂದದ್ದು. ಅದೇ ಬ್ಯಾಂಕಿನ ಸರಕು ಸಾಗಣೆ ಪಟ್ಟಿಯಲ್ಲಿ 2023ರಲ್ಲಿ ನಾವು 38, ವಿಯೆಟ್ನಾಂ 43. ವಿಶ್ವ ಆರ್ಥಿಕ ವೇದಿಕೆಯ ಸ್ಪರ್ಧಾಶಕ್ತಿ ವರದಿಯಲ್ಲಿ 2016-17ರಲ್ಲಿ ನಾವು 39. ದೇಶವೇ ಮುಂದಿದೆ, ಮೆಣಸು ಹಿಂದೆ ಬೀಳುತ್ತದಾ ಅನ್ನುವ ಧಾಟಿ.

ಆ ಕಡೆ ಕೂತಿದ್ದ ಹೆಂಗಸು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: ವ್ಯಾಪಾರ ಸುಲಭದ ಆ ಪಟ್ಟಿಯನ್ನು ವಿಶ್ವಬ್ಯಾಂಕ್ 2021ರಲ್ಲೇ ನಿಲ್ಲಿಸಿದೆ, ಅಂಕಿಅಂಶದಲ್ಲಿ ಕೈಚಳಕ ನಡೆದದ್ದು ಹೊರಬಂದ ಮೇಲೆ. ಸ್ಪರ್ಧಾಶಕ್ತಿ ವರದಿಯಲ್ಲಿ 2019ರ ಸ್ಥಾನ ನೋಡಿ. ವಿಯೆಟ್ನಾಂ 67, ನೀವು 68.

ಮುಂದಿನ ಪ್ರಶ್ನೆಯೇ ನಿಜವಾದ ಪೆಟ್ಟು. 'ಪ್ರತಿ ಲಾಟಿನ ಲೀಟರ್ ತೂಕ ಎಷ್ಟು? ಆಗಸ್ಟ್ ತಿಂಗಳಲ್ಲಿ ನಿಮ್ಮ ಗೋದಾಮಿನಲ್ಲಿ ತೇವ ಎಷ್ಟಿರುತ್ತದೆ?'

ಒಂದು ಲೀಟರ್ ಪಾತ್ರೆಗೆ ಮೆಣಸು ತುಂಬಿ ತೂಗುವುದು ನನ್ನ ದಿನದ ಕೆಲಸ. 550 ಗ್ರಾಂ ಬಂದರೆ ಗಟ್ಟಿ ಕಾಳು, 500 ಬಂದರೆ ಸಾಧಾರಣ, ಅದಕ್ಕೂ ಕೆಳಗೆ ಹೋದರೆ ಜೊಳ್ಳು ಜಾಸ್ತಿ. ತೂಗುತ್ತಿದ್ದೆ, ಬರೆದಿಡುತ್ತಿರಲಿಲ್ಲ. ಅಗತ್ಯವೇ ಬಿದ್ದಿರಲಿಲ್ಲ. ಸ್ಥಳೀಯ ವ್ಯಾಪಾರಿ ಕೈಯಲ್ಲಿ ಕಾಳು ಉಜ್ಜಿ, ಒಂದು ಹಲ್ಲಿಗೆ ಹಾಕಿ ನೋಡಿ ದರ ಹೇಳುತ್ತಾನೆ. ಅಷ್ಟೇ.

ಆರ್ಡರ್ ವಿಯೆಟ್ನಾಂಗೆ ಹೋಯಿತು. ನಾನು ಹಟ ಹಿಡಿದು 2019ರ ಆ ಸ್ಪರ್ಧಾಶಕ್ತಿ ವರದಿ ಓದಿದೆ. ಮೊದಲು ತಿಳಿದದ್ದು ನನ್ನ ದಡ್ಡತನ. 2018ರಲ್ಲಿ ಅವರು ಲೆಕ್ಕ ಹಾಕುವ ಕ್ರಮವನ್ನೇ ಬದಲಿಸಿದ್ದರು. ಹಾಗಾಗಿ ಹಳೆಯ 39 ಮತ್ತು ಹೊಸ 68 ಎರಡನ್ನೂ ಪಕ್ಕಪಕ್ಕ ಇಟ್ಟು ಬೀಗುವುದೂ ತಪ್ಪು, ಅಳುವುದೂ ತಪ್ಪು. 141 ದೇಶ, 103 ಅಂಶ, ಎಲ್ಲ ಸೇರಿಸಿ ಅರೆದು ಒಂದು ಸಂಖ್ಯೆ. ಒಳಗೆ ಬಿಡಿಸಿ ನೋಡಿದರೆ ಮಾರುಕಟ್ಟೆಯ ಗಾತ್ರದಲ್ಲಿ ಭಾರತ ಜಗತ್ತಿಗೇ 3ನೇ ಸ್ಥಾನ. ಮೊಬೈಲು, ಇಂಟರ್ನೆಟ್ಟು ಜನರಿಗೆ ಎಷ್ಟು ತಲುಪಿದೆ ಎನ್ನುವುದರಲ್ಲಿ 120.

ಆ 3ನೇ ಸ್ಥಾನದ ಮುಂದೆ ನಾನು ಬಹಳ ಹೊತ್ತು ಕೂತೆ. ವರದಿಯಲ್ಲಿ ಅದು ನಮ್ಮ ದೊಡ್ಡ ಬಲ. ನನ್ನ ಆರ್ಡರ್ ತಪ್ಪಿಸಿದ್ದೂ ಅದೇ ಅಲ್ವಾ? ನಾವು ಬೆಳೆದ ಮೆಣಸನ್ನು ಬಹುಪಾಲು ನಾವೇ ತಿನ್ನುತ್ತೇವೆ. ಸಾರಿನ ಪುಡಿ, ಪೊಂಗಲ್, ಕಷಾಯ, ಗರಂ ಮಸಾಲೆ. ವಿಯೆಟ್ನಾಂನವರು ಬೆಳೆದದ್ದರಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ಹಡಗಿಗೆ ಹಾಕುತ್ತಾರೆ. ಅವರ ಬೆಲೆ, ಅವರ ಕಾಗದಪತ್ರ, ಅವರ ಲೀಟರ್ ತೂಕ ಎಲ್ಲವೂ ಹೊರಗಿನ ಗಿರಾಕಿಗೆ ತಕ್ಕಂತೆ ಆಗಿಬಿಟ್ಟಿದೆ. ನಮ್ಮದು ಊರ ಮಂಡಿಗೆ ತಕ್ಕಂತೆ.

ಇದರ ಮೇಲೆ ಆಮದು ತಡೆಯುವ ಗೋಡೆ ಬೇರೆ. 700 ರೂಪಾಯಿ ಆಸುಪಾಸಿನಲ್ಲಿದ್ದ ಮೆಣಸಿನ ಬೆಲೆ ಕುಸಿದಾಗ, 2017ರ ಡಿಸೆಂಬರಿನಲ್ಲಿ ಅದಕ್ಕಿಂತ ಅಗ್ಗದ ಹೊರಗಿನ ಮೆಣಸು ಒಳಬರದಂತೆ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಿತು. ಗೋಡೆ ಬೇಡ ಅಂತ ನಾನು ಹೇಳಲಾರೆ. ನಮ್ಮ ಮನೆಯ ಅಡಿಕೆ ತೋಟದಲ್ಲೂ ಬಳ್ಳಿ ಇದೆ. ಆದರೆ ಗೋಡೆಯ ಒಳಗಿನ ದರವನ್ನು ಗೋಡೆಯ ಹೊರಗಿನವರ ಹತ್ತಿರ ಕೇಳಲು ಹೋಗಿದ್ದೆನಲ್ಲ, ಅದು ನನ್ನ ಲೆಕ್ಕದ ತಪ್ಪು.

ಇನ್ನೊಂದು ಹೋಲಿಕೆ ನನ್ನ ಸ್ಲೈಡಿನಲ್ಲಿ ಇರಲಿಲ್ಲ, ಸದ್ಯ. ಹೆಕ್ಟೇರ್ ಇಳುವರಿಯಲ್ಲಿ ವಿಯೆಟ್ನಾಂ ನಮಗಿಂತ ಎಷ್ಟೋ ಪಟ್ಟು ಮುಂದೆ. ನಮಗೆ ಮೆಣಸು ಕೊಡುವ ಹಿರಿಯ ಗೌಡರಿಗೆ ಇದನ್ನು ಹೇಳಿದಾಗ ನಕ್ಕುಬಿಟ್ಟರು. 'ಅವ್ರು ಕಂಬ ನೆಟ್ಟು ಮೆಣಸು ಒಂದನ್ನೇ ಬೆಳೀತಾರೆ. ನಂದು ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿ. ಅದಕ್ಕೆ ಹೆಕ್ಟೇರ್ ಲೆಕ್ಕ ಎಲ್ಲಿಂದ ತರ್ತೀರಿ ಮಾರಾಯ್ರೆ?' ಮಾತು ಸರಿ. ಅಲ್ಲಿ 50 ಸಾವಿರ ಹೆಕ್ಟೇರ್ ಸಾಕು ಅಂತ ಸರ್ಕಾರ ಯೋಜನೆ ಹಾಕಿದ್ದರೆ, 2017ರ ಹೊತ್ತಿಗೆ ಜನ ಒಂದೂವರೆ ಲಕ್ಷಕ್ಕೆ ಏರಿಸಿದ್ದರು. ಬೆಲೆ ಬಿತ್ತು, ಬಳ್ಳಿಗೆ ರೋಗ ಬಂತು, ಸಾಲ ಉಳಿಯಿತು. ಇಲ್ಲಿ ಸೊರಗು ರೋಗ ಬಂದು ಬಳ್ಳಿ ಹೋದರೂ ಅಡಿಕೆ ನಿಂತಿರುತ್ತದೆ. ಆದರೆ ಈ ಭದ್ರತೆಗೆ ಜರ್ಮನಿಯವರು ಯಾಕೆ ದುಡ್ಡು ಕೊಡಬೇಕು?

ಅಂದ ಹಾಗೆ, ಸಾಗಣೆಯ 38ನೇ ಸ್ಥಾನದ ಬಗ್ಗೆ ಹೇಳಿದಾಗ ನಮ್ಮ ಲಾರಿ ಡ್ರೈವರ್ ಕೇಳಿದ್ದು ಒಂದೇ: 'ಆಗುಂಬೆ ಘಾಟಿ ಅದ್ರಲ್ಲಿ ಸೇರಿದ್ಯಾ ಸಾರ್?' ಮಳೆಗಾಲದಲ್ಲಿ ಆ ಘಾಟಿಯಲ್ಲಿ ಭಾರಿ ವಾಹನ ಬಿಡುವುದಿಲ್ಲ. ಮಂಗಳೂರು ಬಂದರಿಗೆ ಸುತ್ತು ಹಾಕಿಯೇ ಹೋಗಬೇಕು.

ಈಗ ಪ್ರತಿ ಲಾಟಿಗೂ ಒಂದು ಹಾಳೆ ಇದೆ. ಯಾವ ತೋಟ, ತಾರ್ಪಾಲಿನ ಮೇಲೆ ಒಣಗಿಸಿದ್ದೋ ನೆಲದ ಮೇಲೋ, ಲೀಟರ್ ತೂಕ, ಕೊಂಡ ದಿನದ ತೇವ, ಆಗಸ್ಟಿನ ತೇವ. ತೇವ ಶೇಕಡಾ 12ಕ್ಕಿಂತ ಮೇಲೆ ಹೋದದ್ದನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಮೊದಲ ವರ್ಷ ಹಾಳೆ ತುಂಬಾ ಕೆಂಪೇ.

ಹೋದ ಸುಗ್ಗಿಯಲ್ಲಿ ಅದೇ ಹೆಂಗಸಿಗೆ ಹಾಳೆಗಳ ಫೋಟೊ ಕಳಿಸಿದೆ, ಕೆಂಪು ಇದ್ದವನ್ನೂ ಸೇರಿಸಿ. ದಪ್ಪ ಕಾಳು ಮಾತ್ರ ಆರಿಸಿ ಸ್ಯಾಂಪಲ್ ಕಳಿಸಿ ಅಂದರು. ಅತ್ಯುತ್ತಮ ಲಾಟು ಗೌಡರದ್ದೇ, 570 ಗ್ರಾಂ ತೂಗಿತ್ತು. ಉಳಿದ ಚೀಲಗಳಿಗಾಗಿ ಫೋನ್ ಮಾಡಿದೆ. 'ಮಂಡಿಯಲ್ಲಿ ಎಂಟು ರೂಪಾಯಿ ಜಾಸ್ತಿ ಕೊಟ್ರು, ಅಲ್ಲೇ ಹಾಕಿಬಿಟ್ಟೆ' ಅಂದರು.