ಸಂಜೆಯ ಲೋಕಲ್‌ನಲ್ಲಿ ಆನೆ ಕಳಕೊಂಡದ್ದು

ಬೆಳಿಗ್ಗೆ ಮುಂಬೈ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗುವಾಗ ಮೊಬೈಲಿನಲ್ಲಿ ಚೆಸ್ ಆಡಿದರೆ ಗೆಲ್ಲುತ್ತೇನೆ. ಸಂಜೆ ಅದೇ ಲೋಕಲ್‌ನಲ್ಲಿ, ಅದೇ ನಾನು, ಸಾಲಾಗಿ ನಾಲ್ಕು ಆಟ ಸೋಲುತ್ತೇನೆ. ನಿನ್ನೆ ಘಾಟ್ಕೋಪರ್ ದಾಟುವಷ್ಟರಲ್ಲಿ ಒಂದು ಆನೆ ಪುಕ್ಕಟೆ ಕೊಟ್ಟೆ. ಸಿಟ್ಟು ಬಂತು, ತಕ್ಷಣ ಇನ್ನೊಂದು ಆಟ. ಠಾಣೆ ಬರುವ ಹೊತ್ತಿಗೆ ಮಂತ್ರಿಯೂ ಹೋಯಿತು! ಎರಡನೇ ಆಟವನ್ನು ನಾನು ಎದುರಾಳಿಯ ಜೊತೆ ಆಡಲೇ ಇಲ್ಲ, ಮೊದಲನೇ ಸೋಲಿನ ಜೊತೆ ಆಡುತ್ತಿದ್ದೆ.

2024ರ ಡಿಸೆಂಬರ್‌ನಲ್ಲಿ ಸಿಂಗಾಪುರದಲ್ಲಿ ನಡೆದ ವಿಶ್ವ ಚೆಸ್ ಚಾಂಪಿಯನ್‌ಶಿಪ್‌ನಲ್ಲಿ ಆಗಿನ ಚಾಂಪಿಯನ್ ಡಿಂಗ್ ಲಿರೆನ್ ಕೊನೆಯ, 14ನೇ ಆಟದ 55ನೇ ನಡೆಯಲ್ಲಿ ಆನೆಯನ್ನು ತಪ್ಪು ಮನೆಗೆ ಸರಿಸಿದ. ಡ್ರಾ ಆಗಬಹುದಾಗಿದ್ದ ಆಟ ಅದು. ಎದುರಾಳಿ, 18ರ ಗುಕೇಶ್ ವಿಶ್ವ ಚಾಂಪಿಯನ್ ಆದ. ಆ ಮಟ್ಟದವರಿಗೆ ಆನೆಯ ಲೆಕ್ಕ ಬರುವುದಿಲ್ಲವೇ? ದಣಿದ ತಲೆಗೆ ಎದುರಿಗಿದ್ದದ್ದೂ ಕಾಣದು. (ನನ್ನನ್ನು ಡಿಂಗ್‌ಗೆ ಹೋಲಿಸಿಕೊಂಡದ್ದಕ್ಕೆ ಕ್ಷಮೆ ಇರಲಿ, ನನ್ನ ರೇಟಿಂಗ್ ಹೇಳುವಂಥದ್ದಲ್ಲ.)

ಹೆಂಡತಿಗೆ ಹೇಳಿದೆ, ಇನ್ನು ಸೋತರೆ ಅವತ್ತಿಗೆ ಮೊಬೈಲ್ ಬ್ಯಾಗಿಗೆ ಅಂತ. "ಹೋದ ಸೋಮವಾರಾನೂ ಇದನ್ನೇ ಹೇಳಿದ್ರಿ" ಅಂದಳು.